ದೊರೆ ಕಲಿತ ಒಂದೇ ಮಾತು

ಜನವರಿ 6, ಸೋಮವಾರ

ಇವತ್ತೂ ದೊರೆಗೆ ಹೊಟ್ಟೆ ಕೆಟ್ಟಿದೆ. ಬೆಳಿಗ್ಗೆ ಚಹಾ ಕೂಡ ಮುಟ್ಟಲಿಲ್ಲ. ನಾನು ಈ ಮನೆಗೆ ಕೆಲಸಕ್ಕೆ ಬಂದ ಮೇಲೆಯೇ ಹೀಗಾಗುತ್ತಿದೆ. ಹಿಕ್ಸ್‌ವಿಲ್‌ನಲ್ಲಿರುವ ಅವರ ಮಗಳು ಹೆಲೆನ್‌ಗೆ ತಿಳಿದರೆ, ಈ ಹೆಂಗಸು ನಮ್ಮಪ್ಪನಿಗೆ ಏನು ತಿನ್ನಿಸುತ್ತಿದ್ದಾಳೆ ಎಂದು ಕೇಳದೆ ಬಿಡುತ್ತಾಳೆಯೇ? ಫೋನು ಹೊಡೆದುಕೊಂಡರೆ ಸಾಕು, ಅವಳೇ ಇರಬೇಕು ಎನಿಸುತ್ತದೆ.

ದೊರೆ ಎನ್ನುವುದು ಮನಸ್ಸಿನಲ್ಲಿ ಮಾತ್ರ. ನಮ್ಮಜ್ಜಿ ಬಿಳಿಯರನ್ನೆಲ್ಲ ದೊರೆ ಎನ್ನುತ್ತಿದ್ದಳು, ಅದೇ ಬಂದುಬಿಟ್ಟಿತು. ಎದುರಿಗೆ ಸರ್ ಎನ್ನುತ್ತೇನೆ, ಅವರು ನನ್ನನ್ನು ಹೆಸರು ಹಿಡಿದು ತಾಯಮ್ಮ ಎನ್ನುತ್ತಾರೆ. ಹೆಸರು ಗೈಲ್ಸ್ ಲಾಂಗ್‌ಡನ್. ಇಂಗ್ಲೆಂಡಿನವರು, ಎಂಬತ್ತು ದಾಟಿದೆ. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿ ಅಮೆರಿಕದ ಮಾನ್ಮತ್ ಜಂಕ್ಷನ್‌ನಲ್ಲಿ ಒಬ್ಬರೇ ಇದ್ದಾರೆ, ನಮ್ಮ ಅಣ್ಣ ಮುರುಗೆಪ್ಪನ ಮನೆಯಿಂದ ಸ್ವಲ್ಪ ಆಚೆ. ಅಡುಗೆ, ಸ್ನಾನ, ಔಷಧಿ ನನ್ನ ಪಾಲಿಗೆ. ಗಂಡ ಹೋದ ಮೇಲೆ ಅಣ್ಣ ಮಾಡಿಸಿದ ಗ್ರೀನ್ ಕಾರ್ಡಿನ ಪುಣ್ಯದಿಂದ ಬಂದವಳು ನಾನು. ಅತ್ತಿಗೆಯ ಅಡುಗೆಮನೆಯಲ್ಲಿ ಎರಡನೆಯ ಹೆಂಗಸಾಗಿ ನಿಲ್ಲುವುದಕ್ಕಿಂತ ಇದು ಮೇಲು.

ಶಿವನೇ, ಈ ಮನುಷ್ಯನ ಹೊಟ್ಟೆ ಸರಿಮಾಡು. ನನ್ನ ಕೆಲಸ ಉಳಿಸು.

ಜನವರಿ 7, ಮಂಗಳವಾರ

ಕಾರಣ ಸಿಕ್ಕಿತು. ಅಣ್ಣನ ಮಗಳು ಪ್ರಣೀತಾ ಕಾರಿನಲ್ಲಿ ಬಿಡಲು ಬಂದಾಗ ಎಲ್ಲ ಹೇಳಿಕೊಂಡೆ. ಬಡಿಸುವಾಗ ದೊರೆ "ನೋ, ಥ್ಯಾಂಕ್ ಯೂ" ಎನ್ನುತ್ತಾರೆ. ಸಂಕೋಚ ಎಂದುಕೊಂಡು ಇನ್ನೊಂದು ಸೌಟು ಹಾಕುತ್ತೇನೆ. ಮೊದಲ ಸಲಕ್ಕೇ ಹಾಕು ಎನ್ನಲು ಅವರೇನು ಹಸಿದು ಬಂದವರೇ? ಹಾಕಿದ್ದನ್ನೆಲ್ಲ ಉಣ್ಣುತ್ತಾರೆ. ತಟ್ಟೆ ಬರಿದಾಯಿತಲ್ಲ, ಹಸಿವಿದೆ ಎಂದು ಮತ್ತೆ ಹಾಕುತ್ತೇನೆ.

ಅವಳು ಸ್ಟೀರಿಂಗ್ ಬಡಿದು ನಕ್ಕಳು. "ಅತ್ತೆ! ನೋ ಮೀನ್ಸ್ ನೋ! ಅವ್ರಿಗೆ ಪ್ಲೇಟಲ್ಲಿ ಬಿಡೋದು ರೂಡ್. ಯೂ ಕೀಪ್ ಸರ್ವಿಂಗ್, ಹೀ ಕೀಪ್ಸ್ ಈಟಿಂಗ್. ಪೂರ್ ಮ್ಯಾನ್, ಯೂ ಆರ್ ಕಿಲ್ಲಿಂಗ್ ಹಿಮ್!"

ಕಿಲ್ಲಿಂಗ್ ಎಂದದ್ದು ನನಗೆ ಹಿಡಿಸಲಿಲ್ಲ. ಮಂಗಳವಾರ ಬೇರೆ.

ಮಧ್ಯಾಹ್ನ ದೊರೆಯ ಎದುರು ನಿಂತು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. "ಸರ್, ಮೈ ಸೈಡ್, ನೋ ಥ್ಯಾಂಕ್ ಯೂ ನಾಟ್ ಕೌಂಟ್. ಯೂ ಸೇ, ಸಾಕು. ಸಾಕು, ಐ ಸ್ಟಾಪ್." ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನೂ ತೋರಿಸಿದೆ. ಅವರು ಎರಡು ಸಲ ಅಂದು ನೋಡಿದರು. ಬಾಯಲ್ಲಿ ಚೆನ್ನಾಗಿಯೇ ಬಂತು.

"ನಾನು ಅಂದ ಮೇಲೂ ನೀವು ನಿಲ್ಲಿಸದಿದ್ದರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿ ತೋರಿಸಿದೆ. "ಪ್ರಾಮಿಸ್, ಸರ್. ಗಾಡ್ ಲಿಸನಿಂಗ್."

ಒಂದೇ ಸೌಟು ಅನ್ನ ಹಾಕಿದೆ. "ಸಾಕು" ಎಂದು ಕೈ ಅಡ್ಡ ಹಿಡಿದರು. ಮದುವೆ ಮನೆಯ ಬೀಗರ ಹಾಗೆ ಕಂಡರು.

ಜನವರಿ 16, ಗುರುವಾರ

ಈ ಮನೆಯಲ್ಲಿ ಒಂದು ವಿಚಿತ್ರ. ದೊರೆ ಕವಿ ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಗಾಜಿನ ಚೌಕಟ್ಟು ಹಾಕಿ ಕಕ್ಕಸಿನಲ್ಲಿ ತೂಗುಹಾಕಿದ್ದಾರೆ. ಸರಸ್ವತಿಯನ್ನು ಯಾರಾದರೂ ಅಲ್ಲಿ ಇಡುತ್ತಾರೆಯೇ? ತೆಗೆದು ಒರೆಸಿ ನಡುಮನೆಯ ಗೋಡೆಗೆ ಹಾಕಿದೆ. ಹಾಕುವಾಗ ಅಕ್ಷರ ಕೂಡಿಸಿ ಓದಿದೆ. ಮೈನರ್ ಪೊಯೆಟ್ ಎಂದಿತ್ತು.

ಮೈನರ್ ಎಂದರೆ ನನಗೆ ಗೊತ್ತು. ನಮ್ಮ ಮಾವನವರು ಸತ್ತಾಗ ಹೊಲದ ಕಾಗದದಲ್ಲಿ ನನ್ನ ಮೈದುನನ ಹೆಸರಿನ ಮುಂದೆ ಮೈನರ್ ಎಂದು ಬರೆದಿದ್ದರು. ಹದಿನೆಂಟು ತುಂಬಿರಲಿಲ್ಲ ಅವನಿಗೆ. "ಸರ್, ದಿಸ್ ಪೊಯೆಟ್ರಿ ಟೈಮ್ ಯೂ ಸ್ಮಾಲ್ ಬಾಯ್?" ಎಂದು ಕೇಳಿದೆ.

ಅವರಿಗೆ ಅರ್ಥವಾಗಲಿಲ್ಲ. ವಿವರಿಸಿದೆ. ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ಕೆಮ್ಮು ಬರುವಷ್ಟು ನಕ್ಕರು. ನನಗೆ ಗಾಬರಿ, ನೀರು ತಂದೆ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು. ಅದು ಬಂದಾಗ ಅವರಿಗೆ ಐವತ್ತು ದಾಟಿತ್ತಂತೆ. ಮೈನರ್ ಎಂದರೆ ಸಣ್ಣ ಕವಿ, ದೊಡ್ಡವರ ಸಾಲಿಗೆ ಬಾರದವನು. "ನೀವು ಹೇಳಿದ್ದೇ ಹೆಚ್ಚು ಸರಿ, ತಾಯಮ್ಮ. ನಾನಿನ್ನೂ ವಯಸ್ಸಿಗೆ ಬಂದಿಲ್ಲ."

"ಮೈನರ್‌ಗೆ ಗಾರ್ಡಿಯನ್ ಬೇಕು, ಸರ್. ಕೋರ್ಟ್ ರೂಲ್."

"ಅದು ನೀವೇ ಇರಬೇಕು" ಎಂದರು.

ಅವರ ಕಥೆಯನ್ನೂ ಹೇಳಿದರು. ಅವರಪ್ಪ ಇಂಗ್ಲೆಂಡಿನ ಹಳ್ಳಿಯಲ್ಲಿ ಜಮೀನ್ದಾರ. ಜಂಟಲ್‌ಮನ್ ಎಂದರೆ ಕೈಕೆಸರು ಮಾಡಿಕೊಳ್ಳದವನಂತೆ. ನಮ್ಮೂರ ದೇಸಾಯರ ವಾಡೆಯ ಹಾಗೆ. ಅವರ ಮಕ್ಕಳೂ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡೇ ಕಾಲ ಕಳೆದರು. ದೊರೆಯ ಅಪ್ಪನ ಮನೆಯೂ ಮಾರಿಹೋಯಿತು. ದೊರೆ ನ್ಯೂಯಾರ್ಕಿನ ಹುಡುಗಿಯನ್ನು ಕಟ್ಟಿಕೊಂಡು ಇಲ್ಲಿಗೆ ಬಂದು, ಪುಸ್ತಕ ಅಚ್ಚು ಮಾಡುವ ಆಫೀಸಿನಲ್ಲಿ ಇತರರ ತಪ್ಪು ತಿದ್ದುತ್ತ ಬದುಕಿದರು. ಸ್ವಂತದ್ದು ತೆಳು ತೆಳು ಪುಸ್ತಕಗಳು. ಮಾರಾಟವಾಗದ ಪ್ರತಿಗಳ ರಟ್ಟಿನ ಪೆಟ್ಟಿಗೆಗಳು ಗರಾಜಿನಲ್ಲಿವೆ. ಅದರ ಮೇಲೆಯೇ ನಾನು ಬಟ್ಟೆಬುಟ್ಟಿ ಇಡುತ್ತಿದ್ದೆ. ಪಾಪ, ಇನ್ನು ಇಡುವುದಿಲ್ಲ.

ಬರೆದದ್ದೆಲ್ಲ ಅವರಪ್ಪನ ಹೊಲದಲ್ಲಿದ್ದ ಒಂದು ಹೊಂಡದ ಬಗ್ಗೆ. ಆಯುಷ್ಯವೆಲ್ಲ ಒಂದೇ ಹೊಂಡ! ಒಂದು ಓದಿ ಹೇಳಿದರು. ನೀರಿನ ಮೇಲೆ ಆಕಾಶ ಬಂದು ಕೂತಿದೆ, ಎದ್ದು ಹೋಗುವಾಗ ಅದರ ಸೀರೆ ಒದ್ದೆಯಾಗಿರುತ್ತದೆಯೇ ಎಂದು ಕೇಳುವ ಪದ್ಯ. ಸೀರೆ ಎಂದದ್ದು ನಾನು, ಅವರು ಕೋಟು ಎಂದಿದ್ದರು. ಆಕಾಶ ಎಲ್ಲಿಗೆ ಎದ್ದು ಹೋಗುತ್ತದೆ? ಓದು ಬಂದವರಿಗೆ ಕೆಲಸವಿಲ್ಲದಿದ್ದರೆ ಹೀಗೆ.

ಜನವರಿ 24, ಶುಕ್ರವಾರ

ದಿನಾ ಬಾಗಿಲು ತೆಗೆದ ಕೂಡಲೇ ಅದೇ ಪ್ರಶ್ನೆ. "ಬರುವಾಗ ಏನು ನೋಡಿದಿರಿ, ತಾಯಮ್ಮ?" ಏನು ನೋಡುವುದು? ಹಿಮ, ಉಪ್ಪು ಚೆಲ್ಲಿದ ರಸ್ತೆ, ಕಾರು. "ನಥಿಂಗ್, ಸರ್" ಎನ್ನುತ್ತೇನೆ. ಮುಖ ಸಪ್ಪಗಾಗುತ್ತದೆ.

ಇವತ್ತು ಬೈಸಿಕೊಳ್ಳುವ ಭಯಕ್ಕೆ, ಮನೆಗಳ ಹಿಂದಿನ ಕೆರೆಯ ಮಂಜುಗಡ್ಡೆಯ ಮೇಲೆ ಬಾತುಗಳು ನಿಂತಿದ್ದವು ಎಂದೆ.

"ಎರಡು ಕಾಲಿನ ಮೇಲೋ, ಒಂದರ ಮೇಲೋ?"

ನೋಡಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಟುಮಾರೋ ಸೀ, ಸರ್" ಎಂದೆ.

ಜನವರಿ 25, ಶನಿವಾರ

ಒಂದು ಕಾಲಿನ ಮೇಲೆ. ಇನ್ನೊಂದನ್ನು ಹೊಟ್ಟೆಯ ಪುಕ್ಕದೊಳಗೆ ಬೆಚ್ಚಗಿಟ್ಟುಕೊಂಡಿದ್ದವು. ಒಂದು ಮಾತ್ರ ಎರಡೂ ಊರಿ ನಿಂತಿತ್ತು, ಹೊಸದಾಗಿ ಬಂದದ್ದಿರಬೇಕು, ರೂಢಿಯಿಲ್ಲ.

ಹೇಳಿದೆ. ದೊರೆ ಕಣ್ಣು ಮುಚ್ಚಿ ಕೇಳಿದರು.

ಫೆಬ್ರವರಿ 8, ಶನಿವಾರ

ಬಿದ್ದಿದ್ದರು. ಅಡುಗೆಮನೆಯಲ್ಲಿ. ಬಾಯಿ ಒಂದು ಕಡೆ ಎಳೆದಿತ್ತು. ಆಂಬುಲೆನ್ಸಿಗೆ 911 ಒತ್ತಿದೆ. ಶಿವ ಶಿವಾ.

ಫೆಬ್ರವರಿ 12, ಬುಧವಾರ

ಸ್ಟ್ರೋಕ್. ಬಲಗೈ ಬಲಗಾಲು ಹೋಗಿವೆ. ಮಾತೂ ಹೋಗಿದೆ. ಹುಟ್ಟಿದಾಗಿನಿಂದ ಮಾತನ್ನೇ ಉಜ್ಜಿಕೊಂಡು ಕೂತವರ ಮಾತನ್ನೇ ಕಿತ್ತುಕೊಂಡನಲ್ಲ, ಇದೇನು ನ್ಯಾಯ? ತಪ್ಪು ತಪ್ಪು. ನಾನು ಹೀಗೆ ಬರೆಯಬಾರದು.

"ಯೆಸ್, ಯೆಸ್" ಎನ್ನುವುದೊಂದು ಉಳಿದಿದೆ. ನೋವಿದೆಯಾ ಎಂದರೂ ಯೆಸ್, ಇಲ್ಲವಾ ಎಂದರೂ ಯೆಸ್. ಅದಕ್ಕೆ ಅರ್ಥವಿಲ್ಲ, ತಾನಾಗಿ ಬರುತ್ತದೆ ಎಂದಳು ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ. ನುಂಗಲು ಆಗುವುದಿಲ್ಲ. ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಗಂಜಿಯಂಥದ್ದನ್ನು ಬಿಡುತ್ತಾರೆ. ಅದನ್ನು ಎಡಗೈಯಿಂದ ಕಿತ್ತರೆಂದು ಆ ಕೈಗೆ ದಪ್ಪ ಬಿಳಿ ಚೀಲ ತೊಡಿಸಿದ್ದಾರೆ.

ನನ್ನನ್ನು ಕೆಲಸದಿಂದ ಇನ್ನೂ ಬಿಡಿಸಿಲ್ಲ. ಹೆಲೆನ್ ಪರಿಚಿತ ಮುಖ ಇರಲಿ ಎಂದಿದ್ದಾಳೆ. ದಿನಾ ಆಸ್ಪತ್ರೆಗೆ ಹೋಗುತ್ತೇನೆ.

ಫೆಬ್ರವರಿ 17, ಸೋಮವಾರ

ಇವತ್ತು ಹೆಲೆನ್ ಕುಣಿದಾಡಿದಳು. "ಡ್ಯಾಡಿ ಒಂದು ಮಾತು ಆಡಿದರು! ಸಾಕ್ಸ್! ಕಾಲು ತಣ್ಣಗಾಗಿದೆಯಂತೆ!" ಉಣ್ಣೆಯ ಕಾಲುಚೀಲ ತಂದು ತೊಡಿಸಿದಳು. ಅದರ ಮೇಲೆ ಇನ್ನೊಂದು. ನರ್ಸುಗಳೂ ಚಪ್ಪಾಳೆ ತಟ್ಟಿದರು.

ನಾನು ಮೂಲೆಯಲ್ಲಿ ನಿಂತಿದ್ದೆ. ಗಂಜಿಯ ಯಂತ್ರ ಕುಂಯ್ ಎಂದಿತು. ದೊರೆ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ ಅಂದರು, "ಸಾಕು."

ಹೆಲೆನ್ ಮೂರನೆಯ ಜೊತೆ ತರಲು ಓಡಿದಳು.

ಕಾಲುಚೀಲವೇ ಇರಬಹುದು. ಇಂಗ್ಲಿಷ್ ಬಾಯಿ, ಕೊನೆಯಲ್ಲಿ ಉ ಸೇರಿರಬಹುದು.

ಫೆಬ್ರವರಿ 18, ಮಂಗಳವಾರ

ಕಾಲುಚೀಲ ಅಲ್ಲ.

ಫೆಬ್ರವರಿ 21, ಶುಕ್ರವಾರ

ಡಾಕ್ಟರು ಹೆಲೆನ್‌ಗೆ ಚಿತ್ರ ತೋರಿಸಿ ಹೇಳುತ್ತಿದ್ದರು. ಮೂಗಿನದು ಹೆಚ್ಚು ದಿನ ಇಡುವಂತಿಲ್ಲ, ಹೊಟ್ಟೆಗೆ ತೂತು ಕೊರೆದು ಅಲ್ಲಿಂದಲೇ ಊಟ ಬಿಡಬೇಕು, ಹಾಗೆ ಬಹಳ ಕಾಲ ಇರಬಹುದು. ಇಲ್ಲದಿದ್ದರೆ ಮನೆಗೆ ಕರೆದೊಯ್ದು ಕೊನೆಯವರೆಗೆ ನೋವಿಲ್ಲದಂತೆ ನೋಡಿಕೊಳ್ಳುವುದು. ನಿಮ್ಮಪ್ಪನ ಇಷ್ಟವೇನು, ಗೊತ್ತಿದೆಯೇ ಎಂದು ಕೇಳಿದರು.

"ಡ್ಯಾಡಿ, ಟ್ಯೂಬ್ ಹಾಕಿಸೋಣವಾ?" ಎಂದು ಹೆಲೆನ್ ಕೇಳಿದಳು.

"ಯೆಸ್, ಯೆಸ್" ಎಂದರು. ನನ್ನ ಕಡೆ ತಿರುಗಿ, "ಸಾಕು, ಸಾಕು, ಸಾಕು." ಕಣ್ಣಲ್ಲಿ ನೀರು.

"ಅಯ್ಯೋ, ಮತ್ತೆ ಚಳಿ" ಎಂದು ಅವಳು ಕಾಲು ಉಜ್ಜಿದಳು.

ಮುಂದಿನ ಶುಕ್ರವಾರ ಕೊರೆಯುವುದೆಂದು ಗೊತ್ತಾಯಿತು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಏನಾಗುತ್ತದೆ? ಊಟ ನಿಲ್ಲುತ್ತದೆ. ಊಟ ನಿಂತರೆ ಜೀವ ನಿಲ್ಲುತ್ತದೆ. ಅನ್ನ ಇಕ್ಕಿದ ಕೈಯಿಂದಲೇ ಅನ್ನ ಬಿಡಿಸಿದ ಹಾಗಾಗುತ್ತದೆ. ಕೊಟ್ಟವನು ಅವನು, ಕರೆಸಿಕೊಳ್ಳಬೇಕಾದವನೂ ಅವನು, ನಡುವೆ ತಾಯಮ್ಮ ಯಾರು?

ಬಾಯಿ ಬಿಡದಿದ್ದರೆ? ಲಿಂಗ ಮುಟ್ಟಿ ಹೇಳಿದ್ದೇನೆ, ಸಾಕು ಎಂದರೆ ನಿಲ್ಲಿಸುತ್ತೇನೆ ಎಂದು.

ಫೆಬ್ರವರಿ 23, ಭಾನುವಾರ

ಪೂಜೆಗೆ ಕೂತರೆ ಲಿಂಗ ಅಂಗೈಯಲ್ಲಿ ನಿಲ್ಲುತ್ತಿಲ್ಲ.

ಅತ್ತಿಗೆಗೆ ಹೇಳಿದೆ. ಜಯಂತಿ ಅತ್ತಿಗೆ ಮೈಸೂರಿನವಳು, ಮಾತು ಬೆಣ್ಣೆ. ಆದರೂ ಇವತ್ತು ಗದರಿದಳು. "ತಾಯಮ್ಮ, ಸುಮ್ನೆ ಇದ್ದುಬಿಡು. ಬಿಳಿಯರ ಮನೆ ವಿಷ್ಯ. ನಾಳೆ ಆ ಮಗಳು, ಇವಳೇ ನಮ್ಮಪ್ಪನ್ನ ಸಾಯ್ಸಿದ್ಲು ಅಂತ ಸೂ ಮಾಡಿದ್ರೆ? ನಿಮ್ಮಣ್ಣ ಕೋರ್ಟ್ ಸುತ್ಬೇಕಾ?"

"ಅವರು ಸಾಕು ಅಂತಾರಲ್ಲವಾ, ಅತ್ತಿಗಿ."

"ಸಾಕ್ಸ್ ಅಂತಾನೇ ಇರ್ಬಹುದು! ನಿನಗ್ಯಾಕೆ?"

ಪ್ರಣೀತಾ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. "ಮಮ್ಮಿ, ಬಟ್ ಇಟ್ಸ್ ಹಿಸ್ ಬಾಡಿ" ಎಂದಳು. ಅವಳನ್ನೂ ಗದರಿ ಕಳಿಸಿದಳು.

ಇಡೀ ದಿನ ಒಂದೇ ಯೋಚನೆಯ ಸುತ್ತ ತಿರುಗಿದೆ. ಕೆರೆಯ ಮಂಜು ಅಂಚಿನಲ್ಲಿ ಕರಗಿ ಕಪ್ಪು ನೀರಿನ ಪಟ್ಟಿ ಕಾಣುತ್ತಿದೆ, ಕಾಡಿಗೆ ತೀಡಿದ ಹಾಗೆ. ಇದನ್ನು ಈಗ ಯಾರಿಗೆ ಹೇಳುವುದು?

ಫೆಬ್ರವರಿ 26, ಬುಧವಾರ

ಮಹಾಶಿವರಾತ್ರಿ. ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ನಾನು, ಚಿಕ್ಕಂದಿನಿಂದ ಹಾಗೆ. ಬೆಳಿಗ್ಗೆ ಅತ್ತಿಗೆ ಹಾಲು ತಂದಳು. ಬೇಡವೆಂದೆ. "ಹಾಲಿಗೇನೂ ದೋಷ ಇಲ್ಲ, ಕುಡಿ, ತಲೆ ತಿರುಗಿ ಬೀಳ್ತೀಯ." ಮತ್ತೆ ಬೇಡವೆಂದೆ. ನಗುತ್ತ ನನ್ನ ಗದ್ದ ಹಿಡಿದು ಲೋಟ ತುಟಿಗೇ ಹಿಡಿದಳು, ಪ್ರೀತಿಯಿಂದಲೇ. ಕೈ ತಳ್ಳಿಬಿಟ್ಟೆ. ಹಾಲು ಸೀರೆಯ ಮೇಲೆ ಚೆಲ್ಲಿತು.

"ಬ್ಯಾಡ ಅಂದ್ರ ತಿಳಿಯಂಗಿಲ್ಲೇನ ನಿನಗ? ಎಷ್ಟ ಸಲ ಹೇಳಬೇಕು?" ಎಂದು ಕಿರುಚಿದೆ. ಅಣ್ಣನ ಮನೆಗೆ ಬಂದ ಮೇಲೆ ನಾನು ದನಿ ಎತ್ತಿದ್ದು ಇದೇ ಮೊದಲು. ಅಣ್ಣ ಪೇಪರು ಬಿಟ್ಟು ಎದ್ದು ಬಂದ.

ಅತ್ತಿಗೆಯ ಕಾಲಿಗೆ ಬಿದ್ದೆ. ಸ್ನಾನ ಮಾಡಿ ಮತ್ತೆ ಪೂಜೆಗೆ ಕೂತೆ. ಲಿಂಗ ಅಂಗೈಯಲ್ಲಿ ನಿಂತಿತು.

ಆಗ ಹೊಳೆಯಿತು. ಹುಟ್ಟಿದಾಗಿನಿಂದ ನಾನೂ ಒಂದೇ ಹೆಸರು ಹೇಳುತ್ತಿದ್ದೇನೆ. ಅವರ ಹೊಂಡಕ್ಕೆ ನಕ್ಕಿದ್ದೆನಲ್ಲ.

ನಾಳೆ ಹೇಳುತ್ತೇನೆ. ಮೈನರ್‌ನ ಪರವಾಗಿ ಯಾರಾದರೂ ಬಾಯಿ ಬಿಡಲೇಬೇಕು.

ಫೆಬ್ರವರಿ 27, ಗುರುವಾರ

ಪ್ರಣೀತಾ ಕಾಲೇಜಿಗೆ ಹೋಗದೆ ಜೊತೆಗೆ ಬಂದಳು. ದಾರಿಯಲ್ಲಿ ವಾಪಸು ಹೋಗೋಣ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.

ಹೆಲೆನ್ ಹಾಸಿಗೆಯ ಪಕ್ಕ ಹೊಸ ಕಾಲುಚೀಲ ಮಡಚುತ್ತಿದ್ದಳು.

"ಮೇಡಂ, ನಾಟ್ ಸಾಕ್ಸ್" ಎಂದೆ. ಮುಂದಕ್ಕೆ ನನ್ನ ಇಂಗ್ಲಿಷು ಕೈಕೊಟ್ಟಿತು. ಕನ್ನಡದಲ್ಲಿ ಹೇಳಿದೆ, ಪ್ರಣೀತಾ ಹೇಳುತ್ತ ಹೋದಳು. ಹೊಟ್ಟೆ ಕೆಟ್ಟದ್ದು, ತಟ್ಟೆ, ಲಿಂಗ ಮುಟ್ಟಿದ್ದು, ಎಲ್ಲ.

ಹೆಲೆನ್ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. "ಅಂದರೆ ನೀವು ಕಲಿಸಿದ್ದು? ನಮ್ಮಪ್ಪನ ಕೊನೆಯ ಮಾತು ನಿಮ್ಮ ಅಡುಗೆಮನೆಯದಾ?"

"ಹೌದ್ರಿ" ಎಂದೆ.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೆದರಿಕಿ ಆತು. ಹೇಳಿದ್ರ ನಾನ ಕೊಂದಂಗ ಅಂತ."

ಪ್ರಣೀತಾ ಅದನ್ನು ಇಂಗ್ಲಿಷಿನಲ್ಲಿ ಹೇಳಲು ತಡವರಿಸಿದಳು. ಹೇಳಿದಳು.

"ಅದು ನಿಜವೆಂದು ನಾನು ಹೇಗೆ ನಂಬಲಿ?"

ದೊರೆಯ ಮುಖ ಕೈ ತೊಳೆಸುವ ಹೊತ್ತಾಗಿತ್ತು, ಅದನ್ನೇ ಮಾಡಿದೆ. ನರ್ಸನ್ನು ಕೇಳಿ ಎಡಗೈಯ ಚೀಲ ಬಿಚ್ಚಿದೆ. ಬೆವರಿ ಸುಕ್ಕಾಗಿತ್ತು ಕೈ. ಬಿಸಿನೀರಿನ ಬಟ್ಟೆಯಿಂದ ಬೆರಳು ಬೆರಳು ಒರೆಸಿದೆ. ಅಷ್ಟರಲ್ಲಿ ಡಾಕ್ಟರು ನಾಳೆಯ ಜಾಗ ಗುರುತು ಮಾಡಲು ಬಂದು ಹೊದಿಕೆ ಸರಿಸಿದರು.

ದೊರೆ ಆ ಕೈ ಎತ್ತಿ ತಮ್ಮ ಹೊಟ್ಟೆಯ ಮೇಲೆ ಅಡ್ಡ ಹಿಡಿದರು. ಅಂಗೈ ಕೆಳಗೆ, ಬೆರಳು ಹರಡಿ, ತಲೆ ಸ್ವಲ್ಪ ಬಾಗಿಸಿ. ಎಲೆಯ ಮೇಲೆ ಹಿಡಿದ ಹಾಗೆಯೇ. ನಮ್ಮವರಲ್ಲದೆ ಯಾರೂ ಹಾಗೆ ಹಿಡಿಯುವುದಿಲ್ಲ.

"ಸಾಕು" ಎಂದರು, ಮೆಲ್ಲಗೆ, ಬೀಗರಿಗೆ ಬೇಸರವಾಗಬಾರದು ಎನ್ನುವ ಹಾಗೆ.

ಹೆಲೆನ್ ಆ ಕೈ ನೋಡಿದಳು. ಬಗ್ಗಿ ಅವರ ಮುಖದ ಹತ್ತಿರ ಹೋಗಿ, "ಸಾಹ್ಕೂ, ಡ್ಯಾಡಿ?" ಎಂದಳು.

ಅವರು ಯೆಸ್ ಎನ್ನಲಿಲ್ಲ. ಕಣ್ಣು ಮುಚ್ಚಿ, ಅವಳ ಕೆನ್ನೆಗೆ ಕೈ ಇಟ್ಟರು.

ಅವಳು ಕಾಲುಚೀಲಗಳನ್ನು ಒಂದೊಂದಾಗಿ ಬಿಚ್ಚಿದಳು, ಬಿಚ್ಚುತ್ತ ಅತ್ತಳು. "ಇಷ್ಟು ದಿನ ಹೇಳುತ್ತಿದ್ದರು, ನಾನು ಕಾಲು ಬೆಚ್ಚಗೆ ಮಾಡುತ್ತಿದ್ದೆ." ಒಳಗಿನ ಕಾಲು ಕೆಂಪಗೆ ಬೆಂದ ಹಾಗಿತ್ತು.

ಶುಕ್ರವಾರದ ಕೆಲಸ ಬೇಡವೆಂದು ಡಾಕ್ಟರಿಗೆ ತಿಳಿಸಿದಳು. ನನ್ನನ್ನು ಕೆಲಸದಿಂದ ಬಿಡಿಸಿದಳೋ ಇಟ್ಟುಕೊಂಡಳೋ ಗೊತ್ತಿಲ್ಲ, ಕೇಳಲೂ ಇಲ್ಲ ನಾನು.

ಮಾರ್ಚ್ 4, ಮಂಗಳವಾರ

ಮನೆಗೆ ಕರೆತಂದಾಯಿತು. ಹೆಲೆನ್‌ಳೇ ಫೋನು ಮಾಡಿ, "ಬನ್ನಿ" ಎಂದಳು, ಅಷ್ಟೇ. ಹಾಸಿಗೆಯನ್ನು ಕೆರೆ ಕಾಣುವ ಕಿಟಕಿಯ ಹತ್ತಿರ ಹಾಕಿಸಿದ್ದಾಳೆ. ಮೂಗಿನ ಕೊಳವೆ, ಕೈಗೆ ತೊಡಿಸಿದ್ದ ಚೀಲ, ಯಾವುದೂ ಇಲ್ಲ. ನರ್ಸು ಬಂದು ಹೋಗುತ್ತಾಳೆ. ನಾನು ಹತ್ತಿಯಿಂದ ತುಟಿ ಒದ್ದೆ ಮಾಡುತ್ತೇನೆ.

ಮಾಡಿದ್ದು ಸರಿಯೋ ತಪ್ಪೋ. ಗಳಿಗೆಗೊಮ್ಮೆ ಹೊದಿಕೆ ಏಳುತ್ತಿದೆಯೇ ಎಂದು ನೋಡುತ್ತೇನೆ. ಹೆಲೆನ್ ಕೂಡ ನೋಡುತ್ತಾಳೆ. ನಮ್ಮಿಬ್ಬರ ಕಣ್ಣು ಸೇರಿದರೆ ಇಬ್ಬರೂ ಬೇರೆ ಕಡೆ ತಿರುಗುತ್ತೇವೆ.

ಶಿವನೇ, ಅವರನ್ನು ನೋಯಿಸಬೇಡ. ಅಷ್ಟು ಸಾಕು ನನಗೆ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಒಳಗೆ ಬಂದೆ. ಏನು ನೋಡಿದಿರಿ ಎಂದು ಕೇಳುವವರಿಲ್ಲ. ದೊರೆ ಬಾಗಿಲ ಕಡೆ ನೋಡುತ್ತ ಮಲಗಿದ್ದರು. ಕೋಟು ಬಿಚ್ಚದೆಯೇ ಹಾಸಿಗೆಯ ಪಕ್ಕ ಕೂತು ಹೇಳತೊಡಗಿದೆ. ಇಂಗ್ಲಿಷು ಹುಡುಕುತ್ತ ಕೂರಲಿಲ್ಲ, ಕನ್ನಡದಲ್ಲೇ ಹೇಳಿದೆ.

ಮಂಜು ಪೂರ್ತಿ ಕರಗಿದೆ ಸರ್. ಬಾತುಗಳು ಈಗ ನೀರಿನೊಳಗೆ. ಒಂದು ತಲೆ ಮುಳುಗಿಸಿ ಬಾಲ ಮೇಲೆ ಮಾಡಿಕೊಂಡಿತ್ತು, ನಮ್ಮೂರ ದೇಸಾಯರು ಪೇಟ ಕೆಳಗೆ ಬಿತ್ತೆಂದು ಹುಡುಕಿದ ಹಾಗೆ. ದಂಡೆಯ ಹುಲ್ಲು ಇನ್ನೂ ಚಹಾ ಸೋಸಿದ ಚರಟದ ಬಣ್ಣ. ಆಕಾಶ ಬಂದು ಕೂತಿದೆ. ಒಂದು ಕಡೆ ಮಾತ್ರ ಗಾಳಿಗೆ ಎದ್ದೆದ್ದು ಕೂರುತ್ತಿತ್ತು, ಮದುವೆಗೆ ಬಂದು ಚಾಪೆ ಸರಿಹೋಗದ ಹೆಂಗಸಿನ ಹಾಗೆ.

ಹೆಲೆನ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಂದು ಅಕ್ಷರ ತಿಳಿದಿರಲಿಕ್ಕಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

ದಣಿವಾಯಿತೇನೋ ಎಂದು ದೊರೆಯನ್ನು ಕೇಳಿದೆ, "ಸಾಕಾ, ಸರ್?"

ಎಡಗೈ ಹೊದಿಕೆಯ ಮೇಲೆ ಇತ್ತು. ಎತ್ತಲಿಲ್ಲ. ಅಂಗೈ ಮೇಲೆ ಮಾಡಿ ಹಾಗೇ ಇಟ್ಟರು.

ಇನ್ನೂ ಹೇಳಿದೆ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ನಾನು ಹೇಳುತ್ತಿರುವಾಗಲೇ ದೊರೆ ಹೋದರು. ಯಾವ ಮಾತಿಗೆ ಎಂದು ಗೊತ್ತಾಗಲಿಲ್ಲ. ವಿಭೂತಿ ಹಚ್ಚಲೇ ಎಂದು ಹೆಲೆನ್‌ಳನ್ನು ಕೇಳಿದೆ. ಹಚ್ಚಿ ಎಂದಳು.

ಮಾರ್ಚ್ 29, ಶನಿವಾರ

ಅಣ್ಣನ ಮನೆಯಲ್ಲೇ ಇದ್ದೇನೆ. ಹೆಲೆನ್ ಗರಾಜಿನ ಒಂದು ಪೆಟ್ಟಿಗೆ ತಂದು ಕೊಟ್ಟು ಹೋದಳು, ದೊರೆಯ ತೆಳು ಪುಸ್ತಕಗಳು. ಊಟಕ್ಕೆ ನಿಲ್ಲಿಸಿದೆ. ಬಡಿಸುವಾಗ "ನೋ, ಥ್ಯಾಂಕ್ ಯೂ" ಎಂದಳು. ಸೌಟು ಅಲ್ಲೇ ನಿಲ್ಲಿಸಿದೆ. ಅತ್ತಿಗೆ ನನ್ನನ್ನು ಬೈದಳು, "ಒಂದ್ಸಲಕ್ಕೇ ಬಿಟ್ಬಿಡ್ತಾರಾ ಬಂದವ್ರನ್ನ?"

ಸಂಜೆ ಕೆರೆಯ ಕಡೆ ಹೋಗಿದ್ದೆ. ಬಾತುಗಳಿಗೆ ಮರಿಯಾಗುವ ಹೊತ್ತು, ಗಂಡು ಬಾತು ಹತ್ತಿರ ಬಂದವರ ಮೇಲೆಲ್ಲ ಹಿಸ್ಸೆನ್ನುತ್ತಿದೆ. ಪೋಸ್ಟ್‌ಮನ್ ದೂರದಿಂದ ಬಳಸಿ ಹೋದ. ಚಿಗುರಿನ ತುದಿ ಕೆಂಪಗಿದೆ, ಇನ್ನೂ ಹಸಿರಾಗಿಲ್ಲ, ಆಗತಾನೇ ಹುಟ್ಟಿದ ಮಗುವಿನ ಕೈಯ ಹಾಗೆ. ನೀರಿನಲ್ಲಿ ಆಕಾಶ ಇರಲಿಲ್ಲ, ಮೋಡ. ದಂಡೆಯ ಕಲ್ಲು ಒದ್ದೆಯಾಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ಒಂದು ಬಾತು ಈ ಬೆಚ್ಚಗಿನ ಹೊತ್ತಿನಲ್ಲೂ ಒಂದೇ ಕಾಲಿನ ಮೇಲೆ ನಿಂತಿತ್ತು, ಚಳಿಗಲ್ಲ, ರೂಢಿಯಾಗಿರಬೇಕು. ಅದರ ಹಿಂದೆ

ಪುಟ ಮುಗಿಯಿತು. ಅದಕ್ಕೆ ನಿಲ್ಲಿಸುತ್ತಿದ್ದೇನೆ, ಸಾಕು ಎಂದವರು ಯಾರೂ ಇಲ್ಲ.